ಕೋಶಪೊರೆಯ ಲಿಪಿಡ್‌ಗಳು: ಪೆನ್ಸಿಲ್ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಅರ್ಥ ಮಾಡಿಕೊಳ್ಳಿ

ಕೋಶಪೊರೆಯ ಚಿತ್ರ ಬರೆಯಿರಿ ಎಂದರೆ ಜೀವಶಾಸ್ತ್ರ ಓದಿದವರು ಕಣ್ಣು ಮುಚ್ಚಿ ಬರೆದುಕೊಡುತ್ತಾರೆ. ಮೇಲೊಂದು ಸಾಲು ದುಂಡನೆಯ ತಲೆ, ಕೆಳಗೊಂದು ಸಾಲು ದುಂಡನೆಯ ತಲೆ, ನಡುವೆ ಜೋಡಿ ಜೋಡಿ ಬಾಲ. ಅದೇ ಚಿತ್ರ ಎದುರಿಗಿಟ್ಟು ಒಂದು ಪ್ರಶ್ನೆ ಕೇಳಿ ನೋಡಿ: ಆಕ್ಸಿಜನ್ ಅಣು ಈ ಪೊರೆಯನ್ನು ಸಲೀಸಾಗಿ ದಾಟುತ್ತದೆ, ಅದಕ್ಕಿಂತ ಚಿಕ್ಕದಾದ ಸೋಡಿಯಂ ಅಯಾನು ಯಾಕೆ ದಾಟಲ್ಲ? ಹೆಚ್ಚಿನವರು ಅಲ್ಲೇ ತಡವರಿಸುತ್ತಾರೆ. ಚಿತ್ರ ಗೊತ್ತು, ಅದು ಹಾಗೇ ಯಾಕಿದೆ ಅನ್ನೋದು ಗೊತ್ತಿಲ್ಲ.

ಈ ಲೇಖನವನ್ನು ಸುಮ್ನೆ ಓದಿಕೊಂಡು ಹೋದರೆ ಅರ್ಧ ಲಾಭ ಅಷ್ಟೇ. ನಾಲ್ಕೈದು ಖಾಲಿ ಹಾಳೆ, ಪೆನ್ಸಿಲ್, ರಬ್ಬರ್, ಸ್ಕೇಲ್, ಕತ್ತರಿ ಎದುರಿಗಿಟ್ಟುಕೊಳ್ಳಿ. ಪ್ರತಿ ಹೆಜ್ಜೆಯಲ್ಲೂ ಎರಡೇ ಪ್ರಶ್ನೆ ಕೇಳಿಕೊಳ್ಳುತ್ತಾ ಹೋಗೋಣ. ಈ ಭಾಗ ನೀರಿನ ಜೊತೆ ಹೊಂದಿಕೊಳ್ಳುತ್ತದಾ? ಇದರ ಆಕಾರ ಎಂಥದ್ದು? ಪೊರೆಯ ಲಿಪಿಡ್‌ಗಳ (ಪೊರೆಯನ್ನು ಕಟ್ಟುವ ಕೊಬ್ಬಿನಂಥ ಅಣುಗಳ) ಬಗ್ಗೆ ನಾವು ಬಾಯಿಪಾಠ ಮಾಡುವ ಬಹುಪಾಲು ಸಂಗತಿಗಳು ಈ ಎರಡು ಪ್ರಶ್ನೆಗಳ ಉತ್ತರದಲ್ಲೇ ಇವೆ.

ಹೆಜ್ಜೆ 1: ಒಂದೇ ಒಂದು ಅಣುವನ್ನು ಪೂರ್ತಿ ಬರೆಯಿರಿ

ದುಂಡು ತಲೆ, ಎರಡು ಬಾಲದ ಗುರುತು ಸದ್ಯಕ್ಕೆ ಬೇಡ. ನಿಜವಾದ ಒಂದು ಅಣುವನ್ನೇ ತೆಗೆದುಕೊಳ್ಳೋಣ. ಪ್ರಾಣಿಗಳ ಪೊರೆಯಲ್ಲಿ ಹೇರಳವಾಗಿ ಸಿಗುವ ಫಾಸ್ಫಟಿಡೈಲ್ ಕೋಲೀನ್ ಆಗಲಿ. ಹೆಸರು ಉದ್ದ, ಇನ್ನು ಮುಂದೆ ಪಿಸಿ ಅನ್ನೋಣ.

ಹಾಳೆಯ ಮೇಲೆ ಮೂರು ಕಾರ್ಬನ್‌ಗಳನ್ನು ಸಾಲಾಗಿ ಬರೆಯಿರಿ. ಇದು ಗ್ಲಿಸರಾಲ್, ಅಣುವಿನ ಬೆನ್ನೆಲುಬು. ಮೊದಲ ಕಾರ್ಬನ್‌ಗೆ 16 ಕಾರ್ಬನ್‌ಗಳ ಪಾಮಿಟಿಕ್ ಆಮ್ಲವನ್ನು ಜೋಡಿಸಿ. ಅಂಕುಡೊಂಕು ಗೆರೆಯಾಗಿ ಎಳೆಯಿರಿ, ಪ್ರತಿ ಮೂಲೆಯೂ ಒಂದು ಕಾರ್ಬನ್. ಎರಡನೇ ಕಾರ್ಬನ್‌ಗೆ 18 ಕಾರ್ಬನ್‌ಗಳ ಓಲಿಯಿಕ್ ಆಮ್ಲ. ಇದರಲ್ಲಿ 9 ಮತ್ತು 10ನೇ ಕಾರ್ಬನ್‌ಗಳ ನಡುವೆ ಡಬಲ್ ಬಾಂಡ್ ಇದೆ. ಅದು ಸಿಸ್ ಬಗೆಯದ್ದು (ಎರಡೂ ಕಡೆಯ ಸರಪಳಿ ಬಾಂಡ್‌ನ ಒಂದೇ ಬದಿಗೆ), ಹಾಗಾಗಿ ಗೆರೆ ಅಲ್ಲಿ ಸುಮಾರು 30 ಡಿಗ್ರಿ ಪಕ್ಕಕ್ಕೆ ಬಾಗಬೇಕು. ಈ ಬಾಗನ್ನು ಸರಿಯಾಗಿ ಬರೆಯಿರಿ, ಐದನೇ ಹೆಜ್ಜೆಯಲ್ಲಿ ಇದರದ್ದೇ ಕಥೆ. ಮೂರನೇ ಕಾರ್ಬನ್‌ಗೆ ಫಾಸ್ಫೇಟ್, ಅದರ ತುದಿಗೆ ಕೋಲೀನ್.

ಈಗ ಕೆಂಪು ಪೆನ್ಸಿಲ್‌ನಲ್ಲಿ ವಿದ್ಯುದಂಶ ಗುರುತು ಮಾಡಿ. ಫಾಸ್ಫೇಟ್ ಮೇಲೆ ಒಂದು ಮೈನಸ್, ಕೋಲೀನ್‌ನ ನೈಟ್ರೋಜನ್ ಮೇಲೆ ಒಂದು ಪ್ಲಸ್. ಕೂಡಿದರೆ ಸೊನ್ನೆ. ಆದರೆ ನೀರಿನ ಅಣುಗಳು ಕೂಡಿ ನೋಡುವುದಿಲ್ಲ! ಅವಕ್ಕೆ ಪ್ಲಸ್ ಬೇರೆ, ಮೈನಸ್ ಬೇರೆ. ಎರಡನ್ನೂ ಮುತ್ತಿಕೊಳ್ಳುತ್ತವೆ. ಬಾಲಗಳ ಕಡೆ ನೋಡಿ: ಬರೀ ಕಾರ್ಬನ್, ಹೈಡ್ರೋಜನ್. ಕೆಂಪು ಗುರುತು ಒಂದೂ ಇಲ್ಲ. ಬಟ್ಟೆ ಒಣಹಾಕುವ ಕ್ಲಿಪ್‌ನಂತೆ ಕಾಣುವ ಈ ಅಣುವಿನ ಒಂದು ತುದಿ ನೀರಿಗೆ ಬೇಕಾದದ್ದು, ಇನ್ನೊಂದು ಬೇಡವಾದದ್ದು.

ತಲೆ ಬದಲಾಯಿಸಿದರೆ ಲಿಪಿಡ್‌ನ ಹೆಸರು ಬದಲಾಗುತ್ತದೆ. ಕೋಲೀನ್ ತೆಗೆದು ಎಥನಾಲಮೀನ್ ಹಾಕಿದರೆ ಪಿಇ. ಸೆರೀನ್ ಹಾಕಿದರೆ ಪಿಎಸ್; ಇದರ ಒಟ್ಟು ವಿದ್ಯುದಂಶ ಮೈನಸ್. ಇನೊಸಿಟಾಲ್ ಹಾಕಿದರೆ ಪಿಐ, ಇದೂ ಮೈನಸ್. ಗ್ಲಿಸರಾಲ್ ಬದಲು ಸ್ಫಿಂಗೋಸೀನ್ ಬೆನ್ನೆಲುಬಾದರೆ ಸ್ಫಿಂಗೋಲಿಪಿಡ್. ಇಷ್ಟು ಸಾಕು. ಹೆಸರುಗಳ ಪಟ್ಟಿಯನ್ನು ಇಲ್ಲೇ ಬಾಯಿಪಾಠ ಮಾಡಲು ಹೋಗಬೇಡಿ. ಒಂದೊಂದರ ಕೆಲಸ ಬಂದಾಗ ಹೆಸರು ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.

ಅಳತೆಯ ಅಂದಾಜು ಇರಲಿ. 16 ಕಾರ್ಬನ್‌ಗಳ ಬಾಲವನ್ನು ನೆಟ್ಟಗೆ ಚಾಚಿದರೆ ಸುಮಾರು 2 ನ್ಯಾನೋಮೀಟರ್. ನಿಮ್ಮ ಹಾಳೆಯಲ್ಲಿ 1 ನ್ಯಾನೋಮೀಟರ್‌ಗೆ 2 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ ಬಾಲ 4 ಸೆಂಟಿಮೀಟರ್ ಆಗುತ್ತದೆ. ಎರಡು ಪದರದ ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್, ಅಂದರೆ ಹಾಳೆಯ ಮೇಲೆ 10 ಸೆಂಟಿಮೀಟರ್. ಇದೇ ಅಳತೆಯಲ್ಲಿ 20 ಮೈಕ್ರೋಮೀಟರ್ ಅಗಲದ ಒಂದು ಪ್ರಾಣಿಕೋಶ ಬರೆಯಬೇಕಾದರೆ 400 ಮೀಟರ್ ಅಗಲದ ಕಾಗದ ಬೇಕು. ಅಷ್ಟು ದೊಡ್ಡ ಕೋಶಕ್ಕೆ ಗೇಣುದ್ದವೂ ಇಲ್ಲದ ಗೋಡೆ. ಪುಸ್ತಕದ ಚಿತ್ರಗಳಲ್ಲಿ ಪೊರೆ ಎಷ್ಟು ದಪ್ಪ ಕಾಣುತ್ತದೆ ಅಲ್ವಾ? ಅದನ್ನು ಮರೆತುಬಿಡಿ.

ಹೆಜ್ಜೆ 2: ಅಣುವನ್ನು ನೀರಿಗೆ ಹಾಕಿ

ಇಲ್ಲಿ ತುಂಬಾ ಜನ ಎಡವುತ್ತಾರೆ. ‘ಬಾಲಗಳಿಗೆ ನೀರು ಕಂಡರಾಗದು, ಅದಕ್ಕೇ ಓಡಿಹೋಗುತ್ತವೆ’ ಎಂದು ಹೇಳುವುದು ರೂಢಿ. ನಿಜ ಏನೆಂದರೆ ಬಾಲಕ್ಕೂ ನೀರಿಗೂ ನಡುವೆ ಸಣ್ಣಮಟ್ಟದ ಆಕರ್ಷಣೆ ಇದೆ, ದ್ವೇಷವೇನಿಲ್ಲ. ಕಾರಣ ಇರುವುದು ನೀರಿನಲ್ಲಿ. ನೀರಿನ ಅಣುಗಳು ಒಂದನ್ನೊಂದು ಹೈಡ್ರೋಜನ್ ಬಾಂಡ್‌ಗಳಿಂದ ಹಿಡಿದುಕೊಂಡು, ಬಿಟ್ಟು, ಮತ್ತೆ ಹಿಡಿಯುತ್ತಾ ಇರುತ್ತವೆ. ನಡುವೆ ಒಂದು ಬಾಲ ಬಂದು ಕೂತರೆ ಅದರ ಜೊತೆ ಕೈ ಹಿಡಿಯಲು ಆಗುವುದಿಲ್ಲ. ಆಗ ಬಾಲದ ಸುತ್ತಲಿನ ನೀರು ತನ್ನ ಬಾಂಡ್‌ಗಳನ್ನು ಉಳಿಸಿಕೊಳ್ಳಲು ಒಂದು ಕಟ್ಟುನಿಟ್ಟಾದ ಜೋಡಣೆಗೆ ಒಳಗಾಗಬೇಕಾಗುತ್ತದೆ. ಅದರ ಓಡಾಟದ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಬಾಲಗಳೆಲ್ಲ ಒಂದೆಡೆ ಸೇರಿದರೆ ನೀರಿಗೆ ತಗಲುವ ಮೈ ಕಡಿಮೆ, ಕಟ್ಟುಬಿದ್ದ ನೀರೂ ಕಡಿಮೆ. ನೀರಿಗೆ ಅದೇ ಲಾಭ. ಇದಕ್ಕೆ ಹೈಡ್ರೋಫೋಬಿಕ್ ಪರಿಣಾಮ ಎಂದು ಹೆಸರು.

ಹಾಳೆಯಲ್ಲಿ ಇದನ್ನು ಹೀಗೆ ಬರೆಯಿರಿ. ಒಂಟಿ ಬಾಲ ಒಂದನ್ನು ಬರೆದು ಸುತ್ತಲೂ ನೀರಿನ ಚುಕ್ಕಿ ಇಟ್ಟು ಎಣಿಸಿ. ಆಮೇಲೆ ಆರು ಬಾಲಗಳನ್ನು ಒತ್ತಾಗಿ ಬರೆದು, ಆ ಗುಂಪಿನ ಸುತ್ತ ಚುಕ್ಕಿ ಇಟ್ಟು ಎಣಿಸಿ. ಒಂಟಿ ಬಾಲದ ಲೆಕ್ಕವನ್ನು ಆರರಿಂದ ಗುಣಿಸಿದಾಗ ಬರುವುದಕ್ಕಿಂತ ಗುಂಪಿನ ಲೆಕ್ಕ ಎಷ್ಟೋ ಕಡಿಮೆ ಬರುತ್ತದೆ. ಉಳಿತಾಯವಾದ ಆ ಚುಕ್ಕಿಗಳೇ ಪೊರೆಯನ್ನು ಕಟ್ಟುವ ಶಕ್ತಿ.

ಇದರಿಂದ ಎರಡು ಮಾತು ಹೊರಡುತ್ತವೆ. ಮೊದಲನೆಯದು, ಪೊರೆಯಲ್ಲಿ ಒಂದು ಲಿಪಿಡ್‌ಗೂ ಪಕ್ಕದ ಲಿಪಿಡ್‌ಗೂ ರಾಸಾಯನಿಕ ಬಾಂಡ್ ಇಲ್ಲ. ಯಾರೂ ಹೊಲಿದಿಲ್ಲ, ಅಂಟಿಸಿಲ್ಲ. ನೀರು ಒತ್ತಿ ಹಿಡಿದಿದೆ ಅಷ್ಟೇ. ಎರಡನೆಯದು, ಪೊರೆಗೆ ಅಂಚು ಇರಲು ಆಗದು. ಅಂಚಿದ್ದರೆ ಅಲ್ಲಿನ ಬಾಲಗಳು ನೀರಿಗೆ ತೆರೆದುಕೊಳ್ಳುತ್ತವೆ. ಹಾಗಾಗಿ ಹಾಳೆಯಂತಿರುವ ಪೊರೆ ತಾನಾಗಿಯೇ ಸುತ್ತಿಕೊಂಡು ಗುಳ್ಳೆಯಾಗುತ್ತದೆ. ಸಣ್ಣ ತೂತು ಬಿದ್ದರೂ ಇದೇ ಕಾರಣಕ್ಕೆ ಮುಚ್ಚಿಕೊಳ್ಳುತ್ತದೆ. ತೂತು ದೊಡ್ಡದಾದರೆ ಕೋಶಕ್ಕೆ ಕೆಲಸ ಹೆಚ್ಚು. ಒಳನುಗ್ಗಿದ ಕ್ಯಾಲ್ಸಿಯಂನಿಂದ ಎಚ್ಚೆತ್ತು, ಒಳಗಿರುವ ಗುಳ್ಳೆಗಳನ್ನು ತಂದು ತೇಪೆ ಹಾಕುತ್ತದೆ.

ಹೆಜ್ಜೆ 3: ಕತ್ತರಿಸಿ, ಜೋಡಿಸಿ

ಹೈಡ್ರೋಫೋಬಿಕ್ ಪರಿಣಾಮ ಬಾಲಗಳನ್ನು ಒಟ್ಟುಗೂಡಿಸುತ್ತದೆ ನಿಜ. ಆದರೆ ಒಟ್ಟುಗೂಡಿದ್ದು ಉಂಡೆಯಾಗಬೇಕೋ, ಪದರವಾಗಬೇಕೋ? ಇಲ್ಲಿ ಎರಡನೇ ಪ್ರಶ್ನೆ ಬರುತ್ತದೆ, ಆಕಾರದ್ದು.

ಗಟ್ಟಿ ಕಾಗದದಲ್ಲಿ ಮೂರು ಬಗೆಯ ತುಂಡು ಕತ್ತರಿಸಿ, ಒಂದೊಂದು ಬಗೆಯವೂ ಹತ್ತರಷ್ಟಿರಲಿ. ಮೊದಲ ಬಗೆ: ತಲೆ ಅಗಲ, ಬಾಲ ಚೂಪು. ಎರಡನೆಯದು: ತಲೆ, ಬಾಲ ಎರಡೂ ಒಂದೇ ಅಗಲ. ಮೂರನೆಯದು: ತಲೆ ಚಿಕ್ಕದು, ಬಾಲ ಅಗಲ. ಈಗ ಪ್ರತಿ ಬಗೆಯನ್ನೂ ಸಂದಿಯಿಲ್ಲದಂತೆ ಪಕ್ಕಪಕ್ಕ ಇಡುತ್ತಾ ಹೋಗಿ. ಮೊದಲನೆಯದು ಬಾಗುತ್ತಾ ಬಾಗುತ್ತಾ ಉಂಡೆಯಾಗುತ್ತದೆ. ಎರಡನೆಯದು ನೆಟ್ಟಗೆ ಸಾಗುತ್ತದೆ. ಮೂರನೆಯದು ಮೊದಲನೆಯದಕ್ಕೆ ವಿರುದ್ಧ ದಿಕ್ಕಿಗೆ ಬಾಗುತ್ತದೆ.

ಒಂದೇ ಬಾಲದ ಅಣುಗಳು ಮೊದಲ ಬಗೆಯವು. ಸೋಪು, ಡಿಟರ್ಜೆಂಟ್ ಎಲ್ಲ ಇದೇ ಜಾತಿ; ನೀರಿನಲ್ಲಿ ಇವು ಮೈಸೆಲ್ ಎಂಬ ಸಣ್ಣ ಉಂಡೆ ಕಟ್ಟುತ್ತವೆ. ಎರಡು ಬಾಲದ ಪಿಸಿ ಎರಡನೇ ಬಗೆಯದು, ಅದಕ್ಕೇ ಪದರ ಕಟ್ಟುತ್ತದೆ. ಪಿಇಯ ತಲೆ ಚಿಕ್ಕದು, ಅದು ಮೂರನೇ ಬಗೆ. ಒಂದೇ ಬಗೆಯಿಂದ ಪೊರೆ ಕಟ್ಟದೆ ಬೆರೆಸಿ ಕಟ್ಟುವುದರ ಅನುಕೂಲ ಇಲ್ಲಿ ಕಾಣುತ್ತದೆ. ಪೊರೆ ಬಾಗಬೇಕಾದ ಕಡೆ, ಒಂದು ಗುಳ್ಳೆ ಇನ್ನೊಂದರ ಜೊತೆ ಕೂಡಿಕೊಳ್ಳಬೇಕಾದ ಕಡೆ ಪಿಇಯಂಥವು ನೆರವಿಗೆ ಬರುತ್ತವೆ.

ಹತ್ತು ಕಾಗದದ ತುಂಡುಗಳಿಂದ ಹಾವಿನ ವಿಷದ ಒಂದು ಕೆಲಸವನ್ನೂ ಅರ್ಥ ಮಾಡಿಕೊಳ್ಳಬಹುದು. ನಾಗರಹಾವು, ಮಂಡಲದ ಹಾವು, ಜೇನುನೊಣ, ಇವುಗಳ ವಿಷದಲ್ಲಿ ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವ ಇದೆ. ಅದು ಗ್ಲಿಸರಾಲ್‌ನ ಎರಡನೇ ಕಾರ್ಬನ್‌ನಲ್ಲಿರುವ ಬಾಲವನ್ನು ಕತ್ತರಿಸುತ್ತದೆ. ನಿಮ್ಮ ಎರಡನೇ ಬಗೆಯ ತುಂಡಿನಿಂದ ಒಂದು ಬಾಲ ಕತ್ತರಿಸಿ ನೋಡಿ. ಉಳಿದದ್ದು ಮೊದಲ ಬಗೆ! ಪದರದ ನಡುವೆ ಅಂಥವು ಹೆಚ್ಚಾದರೆ ಪದರ ನಿಲ್ಲುವುದಿಲ್ಲ, ಪೊರೆ ಹರಿಯುತ್ತದೆ. ಸೋಪು ಪೊರೆಗೆ ಮಾಡುವುದೂ ಇದನ್ನೇ. ಲಿಪಿಡ್ ಹೊದಿಕೆ ಇರುವ ವೈರಸ್‌ಗಳು ಸೋಪಿಗೆ ಸೋಲುವುದು ಹೀಗೆ.

ಪದರ ಒಂದಲ್ಲ, ಎರಡು ಅಂತ ಮೊದಲು ಗೊತ್ತಾದದ್ದು 1925ರಲ್ಲಿ. ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ವಿಜ್ಞಾನಿಗಳು ಕೆಂಪು ರಕ್ತಕಣಗಳಿಂದ ಲಿಪಿಡ್ ತೆಗೆದು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಆವರಿಸಿದ ಜಾಗ ಕಣಗಳ ಮೈಯ ಒಟ್ಟು ವಿಸ್ತೀರ್ಣದ ಸುಮಾರು ಎರಡು ಪಟ್ಟು ಬಂತು. ಹಾಗಾದರೆ ಒಂದೊಂದು ಕಣದ ಸುತ್ತಲೂ ಎರಡು ಪದರ ಇರಬೇಕು. ಕೆಂಪು ರಕ್ತಕಣವನ್ನು ಆರಿಸಿದ್ದು ಜಾಣತನ. ಸಸ್ತನಿಗಳ ಈ ಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಒಳಪೊರೆಗಳಿಲ್ಲ, ಸಿಗುವ ಲಿಪಿಡ್ ಎಲ್ಲ ಹೊರಪೊರೆಯದ್ದೇ. ಮಜಾ ಏನೆಂದರೆ ಅವರ ಲೆಕ್ಕದಲ್ಲಿ ಎರಡು ತಪ್ಪಿದ್ದವು. ಬಳಸಿದ ಅಸಿಟೋನ್ ಲಿಪಿಡ್ಡನ್ನೆಲ್ಲ ಹೊರತೆಗೆದಿರಲಿಲ್ಲ. ಒಣಗಿದ ಕಣಗಳನ್ನು ಅಳೆದದ್ದರಿಂದ ಮೈಯ ವಿಸ್ತೀರ್ಣವೂ ಕಡಿಮೆ ಬಂದಿತ್ತು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ಉತ್ತರ ಸರಿಯಾಯಿತು. ಅದೃಷ್ಟ ಅಂದರೆ ಇದು!

ಹೆಜ್ಜೆ 4: ಚಿತ್ರಕ್ಕೆ ಚಲನೆ ಕೊಡಿ

ಇಲ್ಲಿಯವರೆಗೆ ಬರೆದದ್ದು ನಿಂತ ಚಿತ್ರ. ನಿಜವಾದ ಪೊರೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಒಂದು ಲಿಪಿಡ್‌ಗೆ ಬಣ್ಣ ಹಾಕಿ, ಅದರಿಂದ ಮೂರು ಬಾಣ ಎಳೆಯಿರಿ.

ಮೊದಲ ಬಾಣ ಅಣುವಿನ ಸುತ್ತಲೂ: ತನ್ನ ಸುತ್ತ ತಾನೇ ತಿರುಗುವುದು, ಬಾಲ ಬಳುಕಿಸುವುದು. ಇದು ಸದಾ ನಡೆಯುತ್ತದೆ.

ಎರಡನೇ ಬಾಣ ಪಕ್ಕಕ್ಕೆ: ಅದೇ ಪದರದಲ್ಲಿ ಜಾಗ ಬದಲಿಸುವುದು. ಒಂದು ಲಿಪಿಡ್ ಸೆಕೆಂಡಿಗೆ ಸುಮಾರು 1 ಕೋಟಿ ಸಲ ಪಕ್ಕದವರ ಜೊತೆ ಜಾಗ ಬದಲಾಯಿಸಿಕೊಳ್ಳುತ್ತದೆ. ಹೀಗೆ ಅಲೆಯುತ್ತಾ ಒಂದು ಸೆಕೆಂಡಿನಲ್ಲಿ ಸುಮಾರು 2 ಮೈಕ್ರೋಮೀಟರ್ ದೂರ ಹೋಗಬಲ್ಲದು. ಅಂದರೆ ಒಂದು ಬ್ಯಾಕ್ಟೀರಿಯಾದ ಉದ್ದಕ್ಕೆ ಸಮ.

ಮೂರನೇ ಬಾಣ ಮೇಲಿನ ಪದರದಿಂದ ಕೆಳಗಿನದಕ್ಕೆ: ಪಲ್ಟಿ ಹೊಡೆಯುವುದು. ಈ ಬಾಣವನ್ನು ಚುಕ್ಕಿಗೆರೆಯಲ್ಲಿ ಎಳೆಯಿರಿ. ಯಾಕೆಂದರೆ ನೀರಿಗೆ ಅಂಟಿಕೊಂಡ ತಲೆಯನ್ನು ಬಾಲಗಳ ನಡುವಿನಿಂದ ಎಳೆದು ತರಬೇಕು. ನಿಮ್ಮ ಮೊದಲ ಹಾಳೆಯ ಕೆಂಪು ಗುರುತುಗಳನ್ನು ನೋಡಿ, ಅದೆಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಯಾರೂ ನೆರವಾಗದಿದ್ದರೆ ಒಂದು ಫಾಸ್ಫೋಲಿಪಿಡ್ (ಪಿಸಿಯಂತೆ ತಲೆಯಲ್ಲಿ ಫಾಸ್ಫೇಟ್ ಇರುವ ಲಿಪಿಡ್) ಪಲ್ಟಿ ಹೊಡೆಯಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. 1971ರಲ್ಲಿ ಇದನ್ನು ಅಳೆದು ತೋರಿಸಿದವರು ರೋಜರ್ ಕಾರ್ನ್‌ಬರ್ಗ್ ಮತ್ತು ಹಾರ್ಡನ್ ಮೆಕಾನೆಲ್. (ಇದೇ ಕಾರ್ನ್‌ಬರ್ಗ್ ಅವರಿಗೆ 2006ರಲ್ಲಿ ನೊಬೆಲ್ ಬಂತು, ಆದರೆ ಅದು ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾಗುವ ಬಗೆಗಿನ ಬೇರೆ ಕೆಲಸಕ್ಕೆ.) ಕೊಲೆಸ್ಟ್ರಾಲ್ ಮಾತ್ರ ಬೇಗ ಪಲ್ಟಿ ಹೊಡೆಯುತ್ತದೆ. ಅದರ ತಲೆ ಬರೀ ಒಂದು ಓಎಚ್ ಗುಂಪು, ಎಳೆದು ತರುವುದು ಸುಲಭ.

ಪ್ರೋಟೀನ್‌ಗಳೂ ಈ ಲಿಪಿಡ್ ಪದರದಲ್ಲಿ ತೇಲಾಡುತ್ತವೆ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಒಂದು ಇಲಿಕೋಶವನ್ನೂ ಒಂದು ಮನುಷ್ಯಕೋಶವನ್ನೂ ಕೂಡಿಸಿ ಒಂದೇ ಕೋಶ ಮಾಡಿದರು. ಎರಡರ ಪೊರೆಯ ಪ್ರೋಟೀನ್‌ಗಳಿಗೆ ಬೇರೆ ಬೇರೆ ಬಣ್ಣದ ಹೊಳಪು ಹಚ್ಚಿದ್ದರು. ಮೊದಲು ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು. 37 ಡಿಗ್ರಿಯಲ್ಲಿ 40 ನಿಮಿಷ ಬಿಟ್ಟರೆ ಎರಡೂ ಬೆರೆತುಹೋಗಿದ್ದವು. ತಣ್ಣಗೆ ಇಟ್ಟಾಗ ಬೆರೆಯಲಿಲ್ಲ. ಎರಡು ವರ್ಷದ ನಂತರ, 1972ರಲ್ಲಿ, ಸಿಂಗರ್ ಮತ್ತು ನಿಕೋಲ್ಸನ್ ಫ್ಲೂಯಿಡ್ ಮೊಸಾಯಿಕ್ ಮಾದರಿಯನ್ನು, ಅಂದರೆ ಹರಿದಾಡುವ ಲಿಪಿಡ್ ಪದರದಲ್ಲಿ ಪ್ರೋಟೀನ್‌ಗಳು ತೇಲುವ ಚಿತ್ರವನ್ನು, ಮುಂದಿಟ್ಟರು. ಇಂದಿಗೂ ನಾವು ಬರೆಯುವುದು ಅದನ್ನೇ, ಅಲ್ಲಲ್ಲಿ ತಿದ್ದುಪಡಿಯೊಂದಿಗೆ.

ಹೆಜ್ಜೆ 5: ಬಾಲದ ಬಾಗು ಮತ್ತು ಬಿಸಿ

ಹೊಸ ಹಾಳೆ ತೆಗೆದುಕೊಳ್ಳಿ. ಎಡಗಡೆ ಆರು ನೇರ ಬಾಲಗಳನ್ನು ಸಾಧ್ಯವಾದಷ್ಟು ಒತ್ತೊತ್ತಾಗಿ ಬರೆಯಿರಿ. ಬಲಗಡೆ ಆರು ಬಾಲ, ಅದರಲ್ಲಿ ಮೂರಕ್ಕೆ 30 ಡಿಗ್ರಿ ಬಾಗು. ಸ್ಕೇಲ್ ಇಟ್ಟು ಎರಡೂ ಗುಂಪಿನ ಅಗಲ ಅಳೆಯಿರಿ. ಬಲಗಡೆಯದು ಜಾಸ್ತಿ ಜಾಗ ತಿನ್ನುತ್ತದೆ, ನಡುವೆ ಸಂದಿಗಳಿವೆ. ಒತ್ತಾಗಿ ಕೂತ ಬಾಲಗಳು ಒಂದನ್ನೊಂದು ಚೆನ್ನಾಗಿ ಹಿಡಿದುಕೊಳ್ಳುತ್ತವೆ, ಬಿಡಿಸಲು ಹೆಚ್ಚು ಶಾಖ ಬೇಕು. ಸಂದಿ ಇದ್ದರೆ ಹಿಡಿತ ಸಡಿಲ.

ಅಂಕಿಗಳಲ್ಲಿ ಇದು ಎಷ್ಟು ದೊಡ್ಡ ವ್ಯತ್ಯಾಸ ನೋಡಿ. 18 ಕಾರ್ಬನ್‌ಗಳ ಕೊಬ್ಬಿನ ಆಮ್ಲಗಳನ್ನೇ ತೆಗೆದುಕೊಳ್ಳಿ. ಡಬಲ್ ಬಾಂಡ್ ಇಲ್ಲದ ಸ್ಟಿಯರಿಕ್ ಆಮ್ಲ ಕರಗುವುದು ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ಸಿಸ್ ಡಬಲ್ ಬಾಂಡ್ ಇರುವ ಓಲಿಯಿಕ್ ಸುಮಾರು 13ರಲ್ಲಿ. ಎರಡು ಇರುವ ಲಿನೋಲಿಯಿಕ್ ಮೈನಸ್ 5ರ ಆಸುಪಾಸು, ಮೂರು ಇರುವ ಲಿನೋಲೆನಿಕ್ ಮೈನಸ್ 11. ಮೊದಲ ಬಾಗಿಗೇ 50 ಡಿಗ್ರಿಗಿಂತ ಹೆಚ್ಚು ಇಳಿಯಿತು! ಅದೇ ಓಲಿಯಿಕ್ ಆಮ್ಲದ ಡಬಲ್ ಬಾಂಡ್ ಸಿಸ್ ಬದಲು ಟ್ರಾನ್ಸ್ (ಸರಪಳಿಗಳು ಎದುರುಬದುರು ಬದಿಗೆ) ಆದರೆ ಬಾಲ ಮತ್ತೆ ಹೆಚ್ಚುಕಡಿಮೆ ನೇರವಾಗುತ್ತದೆ, ಕರಗುವ ಬಿಸಿ ಸುಮಾರು 44ಕ್ಕೆ ಏರುತ್ತದೆ. ಪರಮಾಣುಗಳ ಲೆಕ್ಕ ಒಂದೇ, ಬದಲಾದದ್ದು ಆಕಾರ ಮಾತ್ರ.

ಪೊರೆಯಲ್ಲೂ ಹೀಗೇ. ಎರಡೂ ಬಾಲ ಪಾಮಿಟಿಕ್ ಆಗಿರುವ ಪಿಸಿ 41 ಡಿಗ್ರಿಗಿಂತ ಕೆಳಗೆ ಗಟ್ಟಿ ಜೆಲ್ ಆಗಿರುತ್ತದೆ. ನೀವು ಮೊದಲ ಹಾಳೆಯಲ್ಲಿ ಬರೆದ, ಒಂದು ಬಾಲ ಬಾಗಿರುವ ಪಿಸಿ ಮೈನಸ್ 2ರ ತನಕ ದ್ರವದಂತೆ ಹರಿದಾಡುತ್ತದೆ. 37 ಡಿಗ್ರಿಯ ದೇಹಕ್ಕೆ ಯಾವುದು ಬೇಕು ಅಂತ ನೀವೇ ಹೇಳಿ.

ತಮ್ಮ ಮೈಬಿಸಿಯನ್ನು ತಾವೇ ಕಾಯ್ದುಕೊಳ್ಳಲಾಗದ ಜೀವಿಗಳಿಗೆ ಇದು ಉಳಿವಿನ ಪ್ರಶ್ನೆ. ಬ್ಯಾಕ್ಟೀರಿಯಾವನ್ನು ತಣ್ಣನೆಯ ಕಡೆ ಬೆಳೆಸಿದರೆ ಅದು ತನ್ನ ಪೊರೆಗೆ ಬಾಗಿದ ಬಾಲಗಳನ್ನು ಹೆಚ್ಚು ಸೇರಿಸುತ್ತದೆ, ಬಿಸಿಯಲ್ಲಿ ಬೆಳೆಸಿದರೆ ನೇರ ಬಾಲಗಳನ್ನು. ತಣ್ಣೀರಿನ ಮೀನುಗಳೂ ಇದೇ ಉಪಾಯ ಮಾಡುತ್ತವೆ. ಕುದಿಯುವಂಥ ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಕೆಲವು ಆರ್ಕಿಯಾಗಳದ್ದಂತೂ (ಬ್ಯಾಕ್ಟೀರಿಯಾಗಳಿಂದ ಬೇರೆಯಾದ ಏಕಕೋಶ ಜೀವಿಗಳು) ಬೇರೆಯೇ ದಾರಿ. ಅಲ್ಲಿ ಮೇಲಿನ ಲಿಪಿಡ್‌ನ ಬಾಲ ಕೆಳಗಿನದಕ್ಕೆ ಅಂಟಿಯೇ ಇರುತ್ತದೆ. ಒಂದೇ ಅಣು ಈ ಬದಿಯಿಂದ ಆ ಬದಿಯವರೆಗೆ. ಪದರ ಬಿಚ್ಚಿಕೊಳ್ಳುವ ಮಾತೇ ಇಲ್ಲ.

ಹೆಜ್ಜೆ 6: ಕೊಲೆಸ್ಟ್ರಾಲ್ ಎಲ್ಲಿ ಕೂರುತ್ತದೆ

ಕೊಲೆಸ್ಟ್ರಾಲ್ ಅಂದ ಕೂಡಲೇ ರಕ್ತಪರೀಕ್ಷೆಯ ವರದಿ ನೆನಪಾಗುತ್ತದೆ, ಪಾಪ. ಅದು ಇಲ್ಲದಿದ್ದರೆ ನಮ್ಮ ಒಂದು ಕೋಶವೂ ನೆಟ್ಟಗಿರುತ್ತಿರಲಿಲ್ಲ. ಪ್ರಾಣಿಕೋಶದ ಹೊರಪೊರೆಯಲ್ಲಿ ಅದು ಎಷ್ಟಿರುತ್ತದೆ ಎಂದರೆ ಒಂದು ಫಾಸ್ಫೋಲಿಪಿಡ್‌ಗೆ ಒಂದು ಕೊಲೆಸ್ಟ್ರಾಲ್ ಎಂಬ ಮಟ್ಟ ಮುಟ್ಟುತ್ತದೆ.

ಚಿತ್ರದಲ್ಲಿ ಅದನ್ನು ಕೂರಿಸುವಾಗ ಜಾಗ ತಪ್ಪಬೇಡಿ. ಅದರ ಓಎಚ್ ಗುಂಪು ಫಾಸ್ಫೋಲಿಪಿಡ್‌ನ ತಲೆಯ ಬುಡದಲ್ಲಿರಬೇಕು, ನೀರಿನ ಕಡೆಗೆ. ಅದರ ಕೆಳಗೆ ನಾಲ್ಕು ಉಂಗುರಗಳು. ಇವು ಬಗ್ಗುವುದಿಲ್ಲ, ಚಪ್ಪಟೆ ಹಲಗೆಯಾಗಿ ಪಕ್ಕದ ಬಾಲಗಳ ಮೇಲ್ಭಾಗಕ್ಕೆ ಒತ್ತಿಕೊಳ್ಳುತ್ತವೆ. ಕೊನೆಗೆ ಚಿಕ್ಕದೊಂದು ಬಾಲ, ಪೊರೆಯ ನಡುಭಾಗದ ಕಡೆಗೆ. ಪೊರೆಯ ನಟ್ಟನಡುವೆ ಅಡ್ಡಡ್ಡ ಮಲಗಿಸಿ ಬರೆಯುವವರಿದ್ದಾರೆ, ಹಾಗೆ ಬರೆದರೆ ಅದರ ಕೆಲಸ ಅರ್ಥವಾಗುವುದೇ ಇಲ್ಲ.

ಈಗ ಆಕಾರದಿಂದ ಕೆಲಸ ಊಹಿಸಿ. ಬಿಸಿ ಹೆಚ್ಚಿದಾಗ ಬಾಲಗಳು ವಿಪರೀತ ಬಳುಕುತ್ತವೆ. ಪಕ್ಕದಲ್ಲಿ ಗಟ್ಟಿ ಹಲಗೆ ಇದ್ದರೆ ಬಳುಕು ಕಡಿಮೆಯಾಗುತ್ತದೆ, ಸಣ್ಣಪುಟ್ಟ ಅಣುಗಳು ನುಸುಳುವುದೂ ಕಡಿಮೆ. ತಣ್ಣಗಾದಾಗ ಬಾಲಗಳು ಒತ್ತೊತ್ತಾಗಿ ಸೇರಿ ಗಟ್ಟಿಯಾಗಲು ನೋಡುತ್ತವೆ. ಅದೇ ಹಲಗೆ ಈಗ ಅಡ್ಡ ಬರುತ್ತದೆ, ಸೇರಲು ಬಿಡುವುದಿಲ್ಲ. ಒಂದೇ ಅಣು, ಎರಡು ಕಡೆ ತದ್ವಿರುದ್ಧ ಕೆಲಸ.

ಹೆಚ್ಚಿನ ಬ್ಯಾಕ್ಟೀರಿಯಾಗಳಲ್ಲಿ ಕೊಲೆಸ್ಟ್ರಾಲ್ ಇಲ್ಲ. ಗಿಡಗಳಲ್ಲಿ ಸಿಟೋಸ್ಟೆರಾಲ್‌ನಂಥ ಸ್ಟೆರಾಲ್‌ಗಳಿವೆ. ಶಿಲೀಂಧ್ರಗಳಲ್ಲಿ ಎರ್ಗೋಸ್ಟೆರಾಲ್. ಈ ವ್ಯತ್ಯಾಸ ಔಷಧಕ್ಕೆ ವರವಾಗಿದೆ. ಆಂಫೋಟೆರಿಸಿನ್ ಬಿ ಎಂಬ ಔಷಧ ಎರ್ಗೋಸ್ಟೆರಾಲನ್ನು ಹಿಡಿದು ಶಿಲೀಂಧ್ರದ ಪೊರೆಯನ್ನು ಕೆಡಿಸುತ್ತದೆ. ಅಜೋಲ್ ಗುಂಪಿನ ಔಷಧಗಳು ಎರ್ಗೋಸ್ಟೆರಾಲ್ ತಯಾರಾಗುವುದನ್ನೇ ತಡೆಯುತ್ತವೆ.

ಕೊಲೆಸ್ಟ್ರಾಲ್ ಮತ್ತು ನೇರ ಬಾಲದ ಸ್ಫಿಂಗೋಲಿಪಿಡ್‌ಗಳು ಒಟ್ಟು ಸೇರಿ ಪೊರೆಯಲ್ಲಿ ‘ರಾಫ್ಟ್’ ಎಂಬ ಸಣ್ಣ ದಟ್ಟ ಜಾಗಗಳನ್ನು ಮಾಡುತ್ತವೆ ಎಂದೂ ಓದಿರುತ್ತೀರಿ. ಪ್ರಯೋಗಾಲಯದ ಕೃತಕ ಪೊರೆಗಳಲ್ಲಿ ಅವು ಚೆನ್ನಾಗಿ ಕಾಣುತ್ತವೆ. ಜೀವಂತ ಕೋಶದಲ್ಲಿ ಅವು ಎಷ್ಟು ಚಿಕ್ಕವು, ಎಷ್ಟು ಹೊತ್ತು ಇರುತ್ತವೆ ಎಂಬ ಬಗ್ಗೆ ಸಂಶೋಧಕರಲ್ಲೇ ಜಗಳವಿದೆ. ಮೊದಲ ಸಲ ಕಲಿಯುವಾಗ ಅದನ್ನು ಪೆನ್ಸಿಲ್‌ನಲ್ಲೇ ಬರೆದಿಡಿ, ಇಂಕಿನಲ್ಲಿ ಬೇಡ.

ಹೆಜ್ಜೆ 7: ಎರಡು ಪದರಗಳಿಗೆ ಬೇರೆ ಬೇರೆ ಬಣ್ಣ

ಪುಸ್ತಕದ ಚಿತ್ರಗಳಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ಒಂದೇ ಥರ ಇರುತ್ತವೆ. ಅದು ತಪ್ಪು ಚಿತ್ರ. ಬಣ್ಣದ ಪೆನ್ಸಿಲ್ ತೆಗೆದುಕೊಂಡು ತಿದ್ದಿ. ಹೊರಗಿನ ಪದರದಲ್ಲಿ ಪಿಸಿ ಮತ್ತು ಸ್ಫಿಂಗೋಮೈಲಿನ್ (ಒಂದು ಸ್ಫಿಂಗೋಲಿಪಿಡ್) ಹೆಚ್ಚು. ಒಳಗಿನ ಪದರದಲ್ಲಿ ಪಿಇ ಹೆಚ್ಚು. ಪಿಎಸ್ ಅಂತೂ ಹೆಚ್ಚುಕಡಿಮೆ ಪೂರ್ತಿ ಒಳಗೇ. ಸಕ್ಕರೆ ಸರಪಳಿ ಹೊತ್ತ ಗ್ಲೈಕೋಲಿಪಿಡ್‌ಗಳು ಹೊರಗಡೆ ಮಾತ್ರ.

ಪಲ್ಟಿ ಹೊಡೆಯುವುದು ಕಷ್ಟ ಅಂತ ನಾಲ್ಕನೇ ಹೆಜ್ಜೆಯಲ್ಲಿ ನೋಡಿದೆವಲ್ಲ, ಅದಕ್ಕೇ ಈ ವ್ಯತ್ಯಾಸ ಅಳಿಸಿಹೋಗದೆ ಉಳಿಯುತ್ತದೆ. ಅಷ್ಟು ಸಾಲದು ಎಂಬಂತೆ ಫ್ಲಿಪೇಸ್ ಎಂಬ ಪ್ರೋಟೀನ್‌ಗಳು ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚು ಮಾಡಿ, ಹೊರಗೆ ತಪ್ಪಿಸಿಕೊಂಡ ಪಿಎಸ್ ಅನ್ನು ಮತ್ತೆ ಒಳಗೆ ತರುತ್ತವೆ.

ಇಷ್ಟು ಖರ್ಚು ಯಾಕೆ? ಪಿಎಸ್ ಹೊರಗೆ ಕಾಣಿಸುವುದು ಒಂದು ಸುದ್ದಿ. ಕೋಶ ತಾನಾಗಿ ಸಾಯಲು ಹೊರಟಾಗ ಸ್ಕ್ರ್ಯಾಂಬ್ಲೇಸ್ ಎಂಬ ಪ್ರೋಟೀನ್ ಎರಡೂ ಪದರಗಳ ಲಿಪಿಡ್ ಬೆರೆಸಿಬಿಡುತ್ತದೆ, ಪಿಎಸ್ ಹೊರಗೆ ಬರುತ್ತದೆ. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಅದನ್ನು ಗುರುತು ಹಿಡಿದು ಆ ಕೋಶವನ್ನು ನುಂಗುತ್ತವೆ. ಗಾಯವಾದಾಗ ಪ್ಲೇಟ್‌ಲೆಟ್‌ಗಳೂ ಪಿಎಸ್ ಹೊರಹಾಕುತ್ತವೆ. ಆ ಮೈನಸ್ ವಿದ್ಯುದಂಶದ ಮೈಮೇಲೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಬಂದು ಸೇರುತ್ತವೆ.

ಒಳಪದರದ ಇನ್ನೊಂದು ಲಿಪಿಡ್ ಪಿಐಪಿ2 (ಪಿಐಯ ತಲೆಗೆ ಇನ್ನೆರಡು ಫಾಸ್ಫೇಟ್ ಸೇರಿದ್ದು). ಪ್ರಮಾಣ ತೀರಾ ಕಡಿಮೆ, ಕೆಲಸ ದೊಡ್ಡದು. ಹೊರಗಿನಿಂದ ಹಾರ್ಮೋನಿನ ಸಂದೇಶ ಬಂದಾಗ ಫಾಸ್ಫೋಲಿಪೇಸ್ ಸಿ ಅದನ್ನು ಎರಡು ತುಂಡು ಮಾಡುತ್ತದೆ. ತಲೆಯ ತುಂಡು ಐಪಿ3. ಅದು ನೀರಿನಲ್ಲಿ ಕರಗುತ್ತದೆ, ಕೋಶದೊಳಗೆ ಹೋಗಿ ಕ್ಯಾಲ್ಸಿಯಂ ಬಿಡಿಸುತ್ತದೆ. ಬಾಲದ ತುಂಡು ಡಿಎಜಿ. ಅದು ಪೊರೆಯಲ್ಲೇ ಉಳಿದು ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಯಾವ ತುಂಡು ಎಲ್ಲಿಗೆ ಹೋಗುತ್ತದೆ ಅಂತ ನೆನಪಿಟ್ಟುಕೊಳ್ಳಲು ಕಷ್ಟಪಡಬೇಕಾಗಿಲ್ಲ, ನೀರಿನ ಪ್ರಶ್ನೆ ಕೇಳಿದರೆ ಸಾಕು.

ಹೊರಗಿನ ಸಕ್ಕರೆ ಸರಪಳಿಗಳು ಗುರುತಿನ ಚೀಟಿಗಳು. ಎ, ಬಿ, ಒ ರಕ್ತಗುಂಪುಗಳ ವ್ಯತ್ಯಾಸ ಈ ಸರಪಳಿಗಳ ತುದಿಯ ಒಂದೇ ಒಂದು ಸಕ್ಕರೆಯಲ್ಲಿದೆ. ಎ ಗುಂಪಿನಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್, ಬಿಯಲ್ಲಿ ಗ್ಯಾಲಕ್ಟೋಸ್, ಒದಲ್ಲಿ ಎರಡೂ ಇಲ್ಲ. ಗುರುತಿನ ಚೀಟಿಯನ್ನು ಕಳ್ಳರೂ ಓದುತ್ತಾರೆ: ಕಾಲರಾ ವಿಷ ಕರುಳಿನ ಕೋಶಕ್ಕೆ ಅಂಟಿಕೊಳ್ಳುವುದು ಜಿಎಂ1 ಎಂಬ ಗ್ಲೈಕೋಲಿಪಿಡ್ ಹಿಡಿದು.

ಹೆಜ್ಜೆ 8: ಯಾರು ದಾಟುತ್ತಾರೆ, ಯಾರು ದಾಟಲ್ಲ

ಈಗ ಮೊದಲ ಪ್ರಶ್ನೆಗೆ ಬರೋಣ. ಹಾಳೆಯ ಎಡಕ್ಕೆ ಹೀಗೆ ಬರೆಯಿರಿ: ಗ್ಲೂಕೋಸ್, ಆಕ್ಸಿಜನ್, ಸೋಡಿಯಂ ಅಯಾನು, ನೀರು, ಗ್ಲಿಸರಾಲ್, ಕಾರ್ಬನ್ ಡೈಆಕ್ಸೈಡ್. ಪ್ರೋಟೀನ್ ಇಲ್ಲದ ಬರೀ ಲಿಪಿಡ್ ಪದರವನ್ನು ಯಾರು ಬೇಗ ದಾಟುತ್ತಾರೆ ಅಂತ ಸಾಲು ಮಾಡಿ. ಮುಂದೆ ಓದುವ ಮುಂಚೆ ಮಾಡಿ.

ಸರಿಯಾದ ಸಾಲು ಹೀಗಿದೆ: ಆಕ್ಸಿಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಮುಂದೆ, ಆಮೇಲೆ ನೀರು, ಅದರ ಹಿಂದೆ ಗ್ಲಿಸರಾಲ್, ಬಹಳ ಹಿಂದೆ ಗ್ಲೂಕೋಸ್, ಕಟ್ಟಕಡೆಗೆ ಸೋಡಿಯಂ. ಗಾತ್ರದ ಲೆಕ್ಕದಲ್ಲಿ ಸೋಡಿಯಂ ಎಲ್ಲರಿಗಿಂತ ಚಿಕ್ಕದು. ಆದರೆ ಅದು ಒಂಟಿಯಾಗಿ ಓಡಾಡುವುದಿಲ್ಲ. ಅದರ ಪ್ಲಸ್ ವಿದ್ಯುದಂಶವನ್ನು ನೀರಿನ ಅಣುಗಳು ಬಿಗಿಯಾಗಿ ಸುತ್ತುವರಿದಿರುತ್ತವೆ. ಪೊರೆಯ ನಡುವೆ ಸುಮಾರು 3 ನ್ಯಾನೋಮೀಟರ್ ಉದ್ದಕ್ಕೂ ಬರೀ ಬಾಲಗಳು. ಅಲ್ಲಿ ಹೋಗಬೇಕಾದರೆ ಆ ನೀರನ್ನೆಲ್ಲ ಕಳಚಿಡಬೇಕು, ಬದಲಿಗೆ ಬಾಲಗಳು ಏನೂ ಕೊಡುವುದಿಲ್ಲ. ಲೆಕ್ಕ ನಷ್ಟದ್ದು. ಹಾಗಾಗಿ ಲಿಪಿಡ್ ಪದರವನ್ನು ನೀರು ದಾಟುವ ವೇಗ ಸೋಡಿಯಂಗಿಂತ ಸುಮಾರು 100 ಕೋಟಿ ಪಟ್ಟು ಹೆಚ್ಚು. ಹಾಗಿದ್ದರೂ ಕಿಡ್ನಿಯಂಥ ಕಡೆ ನೀರಿಗೆ ಅದೂ ಸಾಲದು, ಅಕ್ವಾಪೋರಿನ್ ಎಂಬ ಪ್ರೋಟೀನ್ ಕೊಳವೆಗಳಿವೆ. ಇವುಗಳನ್ನು ಗುರುತಿಸಿದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರ ನೊಬೆಲ್ ಬಂತು.

ಅಯಾನುಗಳನ್ನು ತಡೆಯುವ ಈ ಗುಣದಿಂದಲೇ ಪೊರೆಯ ಎರಡು ಬದಿಗೆ ವೋಲ್ಟೇಜ್ ನಿಲ್ಲುತ್ತದೆ. ನರಕೋಶದಲ್ಲಿ ಅದು ಸುಮಾರು 70 ಮಿಲಿವೋಲ್ಟ್. ಕಡಿಮೆ ಅನಿಸುತ್ತದಾ? 5 ನ್ಯಾನೋಮೀಟರ್ ದಪ್ಪಕ್ಕೆ ಭಾಗಿಸಿ ನೋಡಿ, ಸೆಂಟಿಮೀಟರಿಗೆ 1.4 ಲಕ್ಷ ವೋಲ್ಟ್ ಆಗುತ್ತದೆ.

ಹೆಜ್ಜೆ 9: ಪೊರೆ ಒಡೆಯುವುದನ್ನು ಕಣ್ಣಾರೆ ನೋಡಿ

ಬೀಟ್‌ರೂಟ್‌ನ ಕೆಂಪು ಬಣ್ಣ ನೀರಿನಲ್ಲಿ ಕರಗುವಂಥದ್ದು, ವಿದ್ಯುದಂಶ ಇರುವಂಥದ್ದು. ಅದು ಕೋಶದೊಳಗಿನ ದೊಡ್ಡ ಗುಳ್ಳೆಯಾದ ವ್ಯಾಕ್ಯೂಲ್‌ನಲ್ಲಿರುತ್ತದೆ. ಹೊರಬರಬೇಕಾದರೆ ಎರಡು ಪೊರೆ ದಾಟಬೇಕು. ಪೊರೆ ಸರಿಯಿದ್ದರೆ ಬಣ್ಣ ಬಿಡುವುದಿಲ್ಲ, ಕೆಟ್ಟರೆ ಬಿಡುತ್ತದೆ. ಪ್ರಯೋಗಾಲಯಗಳಲ್ಲಿ ಎಲ್ಲೆಡೆ ಮಾಡುವ ಹಳೆಯ ಪ್ರಯೋಗ ಇದು.

ಹಸಿ ಬೀಟ್‌ರೂಟನ್ನು ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸಿ. ತುಂಡುಗಳನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ, ತೊಳೆದ ನೀರು ತಿಳಿಯಾಗುವ ತನಕ. ಇದನ್ನು ಬಿಟ್ಟರೆ ಚಾಕು ಒಡೆದ ಕೋಶಗಳ ಬಣ್ಣವೇ ಲೆಕ್ಕ ಕೆಡಿಸುತ್ತದೆ. ಆಮೇಲೆ 30, 40, 50, 60, 70 ಡಿಗ್ರಿಯ ನೀರಿನಲ್ಲಿ ಒಂದೊಂದು ತುಂಡನ್ನು ಒಂದು ನಿಮಿಷ ಅದ್ದಿ ತೆಗೆದು, ಬೇರೆ ಬೇರೆ ಗಾಜಿನ ನಳಿಕೆಯಲ್ಲಿ ಒಂದೇ ಪ್ರಮಾಣದ ತಣ್ಣೀರಿಗೆ ಹಾಕಿ. ಅರ್ಧ ಗಂಟೆ ಬಿಟ್ಟು, ಹಿಂದೆ ಬಿಳಿ ಹಾಳೆ ಹಿಡಿದು ಬಣ್ಣ ಹೋಲಿಸಿ. ಕಡಿಮೆ ಬಿಸಿಯ ನಳಿಕೆಗಳು ತಿಳಿಯಾಗಿಯೇ ಇರುತ್ತವೆ. ಬಿಸಿ ಏರಿದಂತೆ ಬಣ್ಣ ನಿಧಾನವಾಗಿ ಏರುವುದಿಲ್ಲ, ಒಂದು ಹಂತ ದಾಟಿದ ಮೇಲೆ ಒಮ್ಮೆಲೇ ಜೋರಾಗುತ್ತದೆ. ಇನ್ನೊಂದು ತುಂಡನ್ನು ಫ್ರೀಜರ್‌ನಲ್ಲಿಟ್ಟು ಕರಗಿಸಿ ನೋಡಿ. ಮಂಜಿನ ಹರಳುಗಳು ಪೊರೆ ಹರಿದು ಬಣ್ಣ ಸುರಿಯುತ್ತದೆ. ಎಥನಾಲ್‌ನಲ್ಲೂ ಮಾಡಬಹುದು, ಆದರೆ ಬೆಂಕಿಯಿಂದ ದೂರವಿರಲಿ.

ಫಲಿತಾಂಶ ಬರೆಯುವಾಗ ಹುಷಾರು. ‘ಬಿಸಿಗೆ ಲಿಪಿಡ್ ಕರಗಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಆ ಬಿಸಿಯಲ್ಲಿ ಪೊರೆಯ ಪ್ರೋಟೀನ್‌ಗಳೂ ಆಕಾರ ಕಳೆದುಕೊಳ್ಳುತ್ತವೆ. ಈ ಪ್ರಯೋಗ ಪೊರೆ ಕೆಟ್ಟಿತು ಎಂದು ತೋರಿಸುತ್ತದೆ. ಕೆಟ್ಟದ್ದು ಲಿಪಿಡ್ಡೋ ಪ್ರೋಟೀನೋ ಎಂದು ಬಿಡಿಸಿ ಹೇಳುವುದಿಲ್ಲ.

ಹೆಜ್ಜೆ 10: ಪುಸ್ತಕ ಮುಚ್ಚಿ ಉತ್ತರಿಸಿ

ಸ್ಟೆರಾಯ್ಡ್ ಹಾರ್ಮೋನುಗಳ ರಿಸೆಪ್ಟರ್ (ಸಂದೇಶ ಹಿಡಿಯುವ ಪ್ರೋಟೀನ್) ಕೋಶದ ಒಳಗಿರುತ್ತದೆ, ಇನ್ಸುಲಿನ್‌ನ ರಿಸೆಪ್ಟರ್ ಹೊರಪೊರೆಯಲ್ಲಿ. ಯಾಕೆ? ಒಂದು ಬ್ಯಾಕ್ಟೀರಿಯಾವನ್ನು 37 ಡಿಗ್ರಿಯಿಂದ 15ಕ್ಕೆ ತಂದರೆ ಅದು ಯಾವ ಕಿಣ್ವವನ್ನು ಹೆಚ್ಚು ಮಾಡಬೇಕು, ಡಬಲ್ ಬಾಂಡ್ ಹಾಕುವುದನ್ನೋ ತೆಗೆಯುವುದನ್ನೋ? ನರದ ಸುತ್ತಲಿನ ಮಯಲಿನ್ ತೂಕದಲ್ಲಿ ಮುಕ್ಕಾಲು ಪಾಲು ಲಿಪಿಡ್, ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಮುಕ್ಕಾಲು ಪಾಲು ಪ್ರೋಟೀನ್. ಎರಡರ ಕೆಲಸ ನೆನೆಸಿಕೊಂಡು ಕಾರಣ ಹೇಳಿ.

ಕೊನೆಯದು ಸ್ವಲ್ಪ ಕಷ್ಟದ್ದು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳ ಲಿಪಿಡ್ ಕಣದಲ್ಲಿ ನಾಲ್ಕು ಬಗೆಯ ಲಿಪಿಡ್‌ಗಳಿವೆ: ಎರಡೂ ಬಾಲ ನೇರವಾಗಿರುವ 18 ಕಾರ್ಬನ್‌ಗಳ ಪಿಸಿ, ಕೊಲೆಸ್ಟ್ರಾಲ್, ಪಾಲಿಎಥಿಲೀನ್ ಗ್ಲೈಕಾಲ್ ಅಂಟಿಸಿದ ಲಿಪಿಡ್, ಮತ್ತು ಆಮ್ಲೀಯ ಜಾಗದಲ್ಲಿ ಮಾತ್ರ ಪ್ಲಸ್ ಆಗುವ ಒಂದು ಲಿಪಿಡ್. ಮೊದಲ ಮೂರರ ಕೆಲಸವನ್ನು ಆಕಾರ ಮತ್ತು ನೀರಿನ ಪ್ರಶ್ನೆಗಳಿಂದ ನೀವೇ ಊಹಿಸಿ. ನಾಲ್ಕನೆಯದಕ್ಕೆ ಸುಳಿವು: ಕೋಶ ಈ ಕಣವನ್ನು ನುಂಗಿ ಇಡುವ ಗುಳ್ಳೆಯ ಒಳಗೆ ಆಮ್ಲೀಯತೆ ಏರುತ್ತಾ ಹೋಗುತ್ತದೆ, ಮತ್ತು ಆ ಗುಳ್ಳೆಯ ಪೊರೆಯಲ್ಲಿ ಮೈನಸ್ ವಿದ್ಯುದಂಶದ ಲಿಪಿಡ್‌ಗಳಿವೆ.